ನಲವತ್ತೆರಡು ಸೆಕೆಂಡಿನ ಕುಚ್ಚು

ಒಂದು ಕುಚ್ಚು ಕಟ್ಟಲು ನನ್ನ ಅಮ್ಮನಿಗೆ ನಲವತ್ತೆರಡು ಸೆಕೆಂಡು ಬೇಕು. ಅವಳಿಗೆ ಗೊತ್ತಾಗದ ಹಾಗೆ, ಫೋನನ್ನು ಪುಸ್ತಕದ ಮರೆಯಲ್ಲಿಟ್ಟುಕೊಂಡು, ಒಂದಾದ ಮೇಲೊಂದು ಇಪ್ಪತ್ತು ಕುಚ್ಚುಗಳನ್ನು ಅಳೆದಿದ್ದೇನೆ. ಎಲ್ಲಕ್ಕಿಂತ ಬೇಗ ಮುಗಿದದ್ದು ನಲವತ್ತು ಸೆಕೆಂಡಿಗೆ, ತಡವಾದದ್ದು ನಲವತ್ತೈದಕ್ಕೆ. ತಡವಾದದ್ದಕ್ಕೂ ಕಾರಣವಿತ್ತು. ಮಧ್ಯೆ ಕುಕ್ಕರ್ ಕೂಗಿತು, ಎಷ್ಟನೆಯ ಕೂಗು ಎಂದು ಕೇಳಲು ಅಮ್ಮ ತಲೆಯೆತ್ತಿದಳು.

ಹೀಗೆ ಕದ್ದು ಅಳೆಯಬೇಕಾಗಿ ಬಂದದ್ದು ನಾನು ಚದುರಂಗ ಆಡುತ್ತಿದ್ದ ಒಂದು ಆನ್‌ಲೈನ್ ತಾಣದ ದೆಸೆಯಿಂದ. ಅವರು ನನ್ನ ಖಾತೆಯನ್ನು ಮುಚ್ಚಿದರು. ಅದರಲ್ಲಿ ನಡೆ ಯೋಚಿಸಿದ್ದು ಮನುಷ್ಯರಲ್ಲ, ಕಂಪ್ಯೂಟರ್ ಎಂದರು. ಯೋಚಿಸಿದ್ದು ಅಮ್ಮ.

ಅಮ್ಮ ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ದೇವರಾಜ ಮೊಹಲ್ಲಾದ ಎರಡು ಅಂಗಡಿಗಳಿಂದ ಅವಳಿಗೆ ಸೀರೆ ಬರುತ್ತದೆ. ವಿಜಯನಗರದ ನಮ್ಮ ಮನೆಯ ಹಾಲಿನಲ್ಲಿ, ಕಿಟಕಿಯ ಬೆಳಕು ಬೀಳುವ ಕಡೆ ಚಾಪೆ ಹಾಸಿ, ಸೆರಗಿನ ಅಂಚನ್ನು ಹಲಗೆಗೆ ಪಿನ್ನು ಹಾಕಿ ಬಿಗಿದುಕೊಂಡು ಕೂರುತ್ತಾಳೆ. ರೇಷ್ಮೆ ಎಳೆಗಳನ್ನು ಸೂಜಿಯಿಂದ ತೂರಿಸಿ, ಮಡಿಸಿ, ಮಡಿಕೆಯ ಕತ್ತಿನ ಹತ್ತಿರ ದಾರ ಸುತ್ತಿ, ಗಂಟು ಬಿಗಿದು, ತುದಿ ಕತ್ತರಿಸಿದರೆ ಒಂದು ಕುಚ್ಚು. ಆಮೇಲೆ ಅದೇ ಇನ್ನೊಂದು. ನಾನು ಪ್ರೈಮರಿ ಶಾಲೆಯಲ್ಲಿದ್ದಾಗಿನಿಂದ ಮಾಡುತ್ತಿರುವ ಕೆಲಸ. ಕೈಗೆ ತನ್ನದೇ ಒಂದು ಲಯ ಬಂದುಬಿಟ್ಟಿದೆ. ಅವಸರ ಮಾಡು ಎಂದರೂ ಅದು ಕೇಳುವುದಿಲ್ಲ, ನಿಧಾನ ಮಾಡು ಎಂದರೂ ಕೇಳುವುದಿಲ್ಲ.

ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಹೆಚ್ಚು ಮಾತಾಡುವವಳಲ್ಲ. ಓದುವಾಗಲೇ ಆ ತಾಣದಲ್ಲಿ ಖಾತೆ ತೆರೆದಿದ್ದೆ. ಅಲ್ಲಿ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಯಾರಿಗೂ ಮುಖ ತೋರಿಸಬೇಕಾಗಿಲ್ಲ ಎಂಬುದೇ ನನಗೆ ಹಿಡಿಸಿದ್ದು. ಆಟ ಸುಮಾರಾಗಿ ಆಡುತ್ತೇನೆ. ಅವಸರದಲ್ಲಿ ಕುದುರೆಗಳನ್ನು ಕಳೆದುಕೊಳ್ಳುತ್ತೇನೆ.

ಒಂದು ಸಂಜೆ ಹಾಗೆ ಕಳೆದುಕೊಳ್ಳುವುದರಲ್ಲಿದ್ದಾಗ ಚಾಪೆಯ ಮೇಲಿಂದ ಅಮ್ಮ, ಕುದುರೆ ಹೋಗುತ್ತೆ ನೋಡಿಕೋ ಎಂದಳು. ಅವಳು ತಲೆಯೆತ್ತಿ ನೋಡಿದ್ದನ್ನೂ ನಾನು ಕಂಡಿರಲಿಲ್ಲ. ಹೇಳಿಕೊಡುವ ಹಾಗಿಲ್ಲ, ನಿಯಮವಿದೆ ಎಂದೆ. ಆಮೇಲೆ ಅವಳು ಒಂದು ಮಾತೂ ಆಡಲಿಲ್ಲ. ಆದರೆ ನಾನು ತಪ್ಪು ನಡೆ ಇಟ್ಟಾಗಲೆಲ್ಲ ಕತ್ತರಿಯನ್ನು ನೆಲದ ಮೇಲೆ ಇಡುವ ಸದ್ದು ಸ್ವಲ್ಪ ಜೋರಾಗಿರುತ್ತಿತ್ತು.

ಅಮ್ಮ ಹುಟ್ಟಿದ್ದು ಹಿನಕಲ್‌ನಲ್ಲಿ. ಆಗ ಅದು ಊರು. ಈಗ ವಿಜಯನಗರ ಎಲ್ಲಿ ಮುಗಿದು ಹಿನಕಲ್ ಎಲ್ಲಿ ಶುರುವಾಗುತ್ತದೆ ಎಂದು ಆಟೋದವರಿಗೂ ಹೇಳಲಾಗುವುದಿಲ್ಲ. ಅವಳ ಅಪ್ಪ, ನನ್ನ ತಾತ, ಮಠದ ಹಾಸ್ಟೆಲಿನಲ್ಲಿದ್ದುಕೊಂಡು ಓದಿದವರು. ಅಲ್ಲಿ ಕಲಿತ ಚದುರಂಗವನ್ನು ಮಗಳಿಗೆ ಜಗಲಿಯ ಮೇಲೆ ಕೂರಿಸಿಕೊಂಡು ಕಲಿಸಿದರು. ಅದು ಹಳೆಯ ಕ್ರಮದ ಆಟ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗಬೇಕು. ರಾಜನೂ ಆನೆಯೂ ಒಂದೇ ನಡೆಯಲ್ಲಿ ಜಾಗ ಬದಲಿಸಿಕೊಂಡು ರಾಜ ಮೂಲೆ ಸೇರುವುದು ಇಲ್ಲ. ಮದುವೆಯಾಗಿ ಬಂದ ಮೇಲೆ ಅಮ್ಮನ ಜೊತೆ ಆಡುವವರು ಯಾರೂ ಇರಲಿಲ್ಲ. ಅಪ್ಪನಿಗೆ ಗೊತ್ತಿದ್ದದ್ದು ಇಸ್ಪೀಟು ಮಾತ್ರ. ಅಮ್ಮನಿಗೆ ಚದುರಂಗ ಬರುತ್ತದೆ ಎಂಬುದು ನನಗೆ ತಿಳಿದದ್ದೇ ಆ ಕುದುರೆಯ ಸಂಜೆ.

ಕತ್ತರಿಯ ಸದ್ದು ತಡೆಯಲಾರದೆ ಒಂದು ದಿನ, ಒಂದಾಟ ನೀನೇ ಆಡು ಎಂದು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದೆ. ಎರಡೂ ಕೈಯಲ್ಲಿ ದಾರವಿತ್ತು. ನಾನು ಹೇಳುತ್ತೇನೆ, ನೀನು ಎತ್ತಿಡು ಎಂದಳು. ಕುಚ್ಚು ಕಟ್ಟುವ ಕೆಲಸವನ್ನು ನಿಲ್ಲಿಸಲಿಲ್ಲ. ಎದುರಾಳಿಯ ನಡೆಯನ್ನು ಒಮ್ಮೆ ನೋಡಿ ತಲೆ ಬಗ್ಗಿಸುವಳು. ಒಂದು ಕುಚ್ಚು ಮುಗಿದು ತುದಿ ಕತ್ತರಿಸಿದ ಮೇಲೆಯೇ ಬಾಯಿ ತೆರೆಯುವಳು: ಆನೆ ಬಲಕ್ಕೆ ಎರಡು ಮನೆ. ಮುಂದಿನ ನಡೆ ಮುಂದಿನ ಕುಚ್ಚು ಮುಗಿದಾಗ. ನಡೆ ಎಷ್ಟೇ ಸುಲಭವಾಗಿರಲಿ, ಎದುರಿನ ಮಂತ್ರಿ ಬಿಟ್ಟಿಯಾಗಿ ಸಿಗುತ್ತಿರಲಿ, ಕುಚ್ಚು ಮುಗಿಯುವ ತನಕ ಕಾಯಬೇಕು. ಒಬ್ಬೊಬ್ಬರಿಗೆ ಅರ್ಧ ಗಂಟೆಯ ಆಟ ಅದು. ನಲವತ್ತು ನಡೆ ದಾಟಿದರೆ ಅಮ್ಮ ಗೆಲ್ಲುತ್ತಿದ್ದ ಆಟವನ್ನೂ ಸಮಯ ಮೀರಿ ಸೋಲುತ್ತಿದ್ದಳು. ಕುಚ್ಚು ಪಕ್ಕಕ್ಕಿಟ್ಟು ಆಡಬಾರದೇ ಎಂದರೆ, ಕೈ ಸುಮ್ಮನಿದ್ದರೆ ತಲೆ ಓಡುವುದಿಲ್ಲ ಎನ್ನುತ್ತಿದ್ದಳು.

ಅವಳಿಗೇ ಬೇರೆ ಖಾತೆ ಯಾಕೆ ತೆರೆಯಲಿಲ್ಲ ಎಂದು ಆಮೇಲೆ ಎಲ್ಲರೂ ಕೇಳಿದರು. ಅಮ್ಮನಿಗೆ ಇಮೇಲ್ ಇಲ್ಲ. ಅದು ನೆಪ. ನಿಜ ಏನೆಂದರೆ, ನಮ್ಮ ಮನೆಯಲ್ಲಿ ಹಾಗೆ ಯಾರಿಗೂ ತೋಚಲೇ ಇಲ್ಲ. ಗ್ಯಾಸ್ ಅಪ್ಪನ ಹೆಸರಲ್ಲಿದೆ, ಅಡುಗೆ ಅಮ್ಮ ಮಾಡುತ್ತಾಳೆ. ಪತ್ರಿಕೆ ಅಪ್ಪನ ಹೆಸರಿಗೆ ಬರುತ್ತದೆ, ಮೊದಲು ಓದುವುದು ನಾನು. ಮನೆಗೆ ಒಂದು ಸಾಕು ಎಂಬ ಲೆಕ್ಕದಲ್ಲಿ ಬೆಳೆದವರು ನಾವು. ಒಬ್ಬರಿಗೆ ಒಂದೇ ಖಾತೆ, ಒಂದು ಖಾತೆಗೆ ಒಬ್ಬರೇ ಎಂಬ ನಿಯಮವನ್ನು ನಾನು ಓದಿದ್ದೆ. ಓದಿಯೂ ಅದು ಬೇರೆ ಯಾರಿಗೋ ಬರೆದದ್ದು ಎಂದುಕೊಂಡೆ. ಈ ತಪ್ಪು ನನ್ನದು. ಆದರೆ ಒಂದು ಆಟದೊಳಗೆ ಇಬ್ಬರೂ ಎಂದೂ ಕೈಯಾಡಿಸಲಿಲ್ಲ. ಸಂಜೆ ನಾಲ್ಕು ಗಂಟೆಗೆ ಕೂರುವ ಆಟ ಅಮ್ಮನದು, ನಾನು ತುಟಿ ಬಿಚ್ಚುತ್ತಿರಲಿಲ್ಲ. ಊಟವಾದ ಮೇಲಿನದು ನನ್ನದು, ಅಮ್ಮ ಆ ಕಡೆ ತಿರುಗಿ ಕೂರುತ್ತಿದ್ದಳು.

ನಾಲ್ಕು ಗಂಟೆಯ ಹೊತ್ತಿಗೆ ಹೆಚ್ಚಾಗಿ ಒಬ್ಬರೇ ಎದುರಾಳಿ ಸಿಗುತ್ತಿದ್ದರು. ಹೆಸರಿನ ಪಕ್ಕ ಯಾವುದೋ ಚಳಿ ದೇಶದ ಬಾವುಟ. ಗಂಡಸೋ ಹೆಂಗಸೋ ನಮಗೆ ಗೊತ್ತಿಲ್ಲ. ಅಮ್ಮ ಅವರನ್ನು ಯಜಮಾನರು ಎಂದು ಕರೆಯುತ್ತಿದ್ದಳು. ವಯಸ್ಸಾದವರು, ಅವಸರವಿಲ್ಲ, ಸೋತರೂ ಅರ್ಧಕ್ಕೆ ಎದ್ದು ಹೋಗುವುದಿಲ್ಲ ಎಂದು ಆಟದಿಂದಲೇ ತೀರ್ಮಾನಿಸಿದ್ದಳು. ಒಂದು ವರ್ಷಕ್ಕೂ ಹೆಚ್ಚು ಕಾಲ ಇಬ್ಬರೂ ಆಡಿದರು. ಪರದೆಯ ಮೇಲೆ ಮಾತಾಡಲು ಜಾಗವಿತ್ತು, ಅಮ್ಮ ಬೇಡವೆಂದಳು. ಅವರೂ ಏನೂ ಬರೆಯಲಿಲ್ಲ. ಒಂದು ವಾರ ಅವರು ಕಾಣಿಸದಿದ್ದಾಗ ಅಮ್ಮ ಬೇರೆಯವರ ಜೊತೆ ಆಡಲು ಒಪ್ಪದೆ ಬರೀ ಕುಚ್ಚು ಕಟ್ಟಿದಳು. ಹುಷಾರಿಲ್ಲವೇನೋ ಎಂದಳು.

ಖಾತೆ ಮುಚ್ಚಿದ್ದು ಅವರ ಜೊತೆ ಆಡುತ್ತಿರುವಾಗಲೇ. ಯಜಮಾನರು ಮೂವತ್ತೊಂದನೆಯ ನಡೆ ಇಟ್ಟಿದ್ದರು. ಅಮ್ಮ ಕುಚ್ಚಿನ ಕತ್ತಿಗೆ ದಾರ ಸುತ್ತುತ್ತಿದ್ದಳು. ಪರದೆ ಬೂದಿ ಬಣ್ಣಕ್ಕೆ ತಿರುಗಿ ಮೇಲೊಂದು ಸಾಲು ಬಂತು: ನ್ಯಾಯದ ಆಟದ ನಿಯಮ ಮುರಿದದ್ದರಿಂದ ಈ ಖಾತೆಯನ್ನು ಮುಚ್ಚಲಾಗಿದೆ. ಅಮ್ಮ ತುದಿ ಕತ್ತರಿಸಿ ತಲೆಯೆತ್ತಿದಾಗ ನಾನು ಲ್ಯಾಪ್‌ಟಾಪನ್ನು ಮುಚ್ಚಿದ್ದೆ. ನೆಟ್ ಹೋಯಿತು ಎಂದೆ. ಅವಳು ಹೇಳಬೇಕೆಂದಿದ್ದ ನಡೆ ಯಾವುದೆಂದು ನಾನು ಕೇಳಲಿಲ್ಲ.

ಹತ್ತು ನಿಮಿಷದಲ್ಲಿ ಇಮೇಲ್ ಬಂತು. ಅಪ್ಪ ನಿವೃತ್ತ ಗುಮಾಸ್ತರು. ಕರೆಂಟ್ ಕಟ್ ಮಾಡುತ್ತೇವೆ, ಬ್ಯಾಂಕ್ ಖಾತೆ ಮುಚ್ಚುತ್ತೇವೆ, ಇಲ್ಲಿ ಒತ್ತಿ ಎಂಬ ಮೆಸೇಜುಗಳು ಅವರ ಫೋನಿಗೆ ದಿನವೂ ಬರುತ್ತವೆ. ನನ್ನದೂ ಅದೇ ಜಾತಿಯದು ಎಂದುಕೊಂಡರು.

"ಒತ್ತಬೇಡ ಕಣಮ್ಮ. ಎದರ್ಸಿ ಒತ್ಸೋದೇ ಅವರ ಕಸುಬು."

ನಾನು ಒತ್ತಲಿಲ್ಲ. ತಾಣದ ವಿಳಾಸವನ್ನು ನಾನೇ ಟೈಪ್ ಮಾಡಿ ಒಳಗೆ ಹೋಗಿ ನೋಡಿದೆ. ಮೋಸವಾಗಿದ್ದರೆ ಒಳ್ಳೆಯದಿತ್ತು. ನಿಜವೇ ಆಗಿತ್ತು. ನನ್ನ ಹೆಸರಿನ ಪಕ್ಕ ಒಂದು ಕೆಂಪು ಗುರುತು ಬಿದ್ದಿತ್ತು, ಯಾರು ಬೇಕಾದರೂ ನೋಡಬಹುದಾದ ಹಾಗೆ. ಕಂಪ್ಯೂಟರಿನ ನೆರವು ಪಡೆದು ಆಡಿದ್ದಾಗಿ ಪತ್ತೆಯಾಗಿದೆ, ಸಾಕ್ಷ್ಯವನ್ನು ತೋರಿಸುವುದಿಲ್ಲ ಎಂದು ಬರೆದಿದ್ದರು.

ಸಾಕ್ಷ್ಯವನ್ನು ನಾನೇ ಹುಡುಕಿದೆ. ಆಡಿದ ಆಟಗಳನ್ನೆಲ್ಲ ಇಳಿಸಿಕೊಳ್ಳಲು ಇನ್ನೂ ಅವಕಾಶವಿತ್ತು. ಒಂದೊಂದು ನಡೆಗೆ ಎಷ್ಟು ಸೆಕೆಂಡು ಹಿಡಿಯಿತು ಎಂಬುದೂ ಅದರಲ್ಲಿ ಇರುತ್ತದೆ. ನನ್ನ ಆಟಗಳಲ್ಲಿ ಒಂದು ನಡೆಗೆ ಮೂರು ಸೆಕೆಂಡು, ಇನ್ನೊಂದಕ್ಕೆ ಎರಡು ನಿಮಿಷ. ಅಮ್ಮನದರಲ್ಲಿ ನಲವತ್ತೆರಡು, ನಲವತ್ತೊಂದು, ನಲವತ್ತಮೂರು, ನಲವತ್ತೆರಡು. ಮೊದಲ ನಡೆಗೂ ಅಷ್ಟೇ, ಸಾವು ಬದುಕಿನ ನಡೆಗೂ ಅಷ್ಟೇ. ಅದರ ಮೇಲೆ, ಸಂಜೆ ನಾಲ್ಕಕ್ಕೆ ಚೆನ್ನಾಗಿ ಆಡುವ ಖಾತೆ ರಾತ್ರಿ ಊಟವಾದ ಮೇಲೆ ಕುದುರೆ ಕಳೆದುಕೊಳ್ಳುತ್ತದೆ. ಮನುಷ್ಯರು ಮಾಡುವ ಕೆಲಸದಲ್ಲಿ ಹೆಚ್ಚುಕಡಿಮೆ ಇರುತ್ತದೆ, ಇಲ್ಲದಿದ್ದರೆ ಅನುಮಾನ ಪಡಿ ಎಂದು ತರಗತಿಯಲ್ಲಿ ಹೇಳಿಕೊಡುವವಳು ನಾನು. ಬೇರೆ ಯಾರದೋ ಖಾತೆ ಹೀಗಿದ್ದಿದ್ದರೆ ನಾನೂ ಅನುಮಾನಪಡುತ್ತಿದ್ದೆ. ಆದರೆ ಕೇಳುತ್ತಿದ್ದೆ. ಕೇಳದೆ ಕೆಂಪು ಗುರುತು ಹಾಕುತ್ತಿರಲಿಲ್ಲ.

ಕುಚ್ಚುಗಳನ್ನು ಅಳೆದದ್ದು ಆ ವಾರ. ಅಳೆದದ್ದನ್ನೆಲ್ಲ ಬರೆದು, ಆಡಿದ್ದು ಅಮ್ಮ, ಅವಳ ಕೈಕೆಲಸದ ಲಯ ಇದು, ಕಂಪ್ಯೂಟರ್ ನೋಡಿಕೊಂಡು ಆಡುವವರು ಗೆಲ್ಲುವ ಆಟವನ್ನು ಸಮಯ ಮೀರಿ ಸೋಲುವುದಿಲ್ಲ ಎಂದು ಮೇಲ್ಮನವಿ ಕಳಿಸಿದೆ. ಕುಚ್ಚು ಎಂದರೇನು ಎಂದು ವಿವರಿಸಲಿಕ್ಕೇ ಒಂದು ಪ್ಯಾರಾ ಹಿಡಿಯಿತು.

ಎರಡು ದಿನಕ್ಕೆ ಉತ್ತರ ಬಂತು. ತೀರ್ಮಾನ ಬದಲಾಗುವುದಿಲ್ಲ. ಆದರೆ ಜೊತೆಗಿದ್ದ ಫಾರಂ ತುಂಬಿದರೆ ಹೊಸ ಖಾತೆ ತೆರೆಯಲು ಬಿಡುತ್ತಾರೆ. ತುಂಬದೆ ಇದೇ ಮನೆಯ ನೆಟ್‌ನಿಂದ ಯಾರು ಖಾತೆ ತೆರೆದರೂ ಅದನ್ನೂ ಮುಚ್ಚುತ್ತಾರೆ. ಏಳು ದಿನ ಗಡುವು. ಫಾರಮ್ಮಿನಲ್ಲಿ ಇದ್ದದ್ದು ಒಂದೇ ವಾಕ್ಯ, ಅದರ ಮುಂದೆ ಒಂದು ಚೌಕ. ನಾನು ಕಂಪ್ಯೂಟರ್ ಪ್ರೋಗ್ರಾಮಿನ ನೆರವು ಪಡೆದು ಆಡಿದ್ದೇನೆ, ಇನ್ನು ಮುಂದೆ ಹಾಗೆ ಮಾಡುವುದಿಲ್ಲ.

ಅಷ್ಟು ಹೊತ್ತಿಗೆ ಅಮ್ಮನಿಗೆ ವಿಷಯ ತಿಳಿದಿತ್ತು. ದಿನವೂ ನೆಟ್ ಇಲ್ಲ ಎಂದು ಎಷ್ಟು ದಿನ ಹೇಳಲಿ. ಅವಳು ಚಾಪೆಯ ದಿಕ್ಕನ್ನು ಬದಲಿಸಿ, ನನ್ನ ಮೇಜಿಗೆ ಬೆನ್ನು ಮಾಡಿ ಕೂರತೊಡಗಿದಳು.

ಭಾನುವಾರ ಮಾವ ಬಂದರು. ಅಮ್ಮನ ತಮ್ಮ, ದೇವರಾಜ ಮೊಹಲ್ಲಾದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾರೆ. ಅಪ್ಪ ಫೋನಿನಲ್ಲಿ ಎಲ್ಲ ಹೇಳಿದ್ದರು. ಚಪ್ಪಲಿ ಬಿಡುತ್ತಲೇ ಶುರುಮಾಡಿದರು.

"ಏನಕ್ಕಾ, ಕಂಪ್ಯೂಟರ್ ಆಗ್ಬುಟ್ಟಿದ್ದೀಯಂತೆ. ನಂಗೆ ಚಿಕ್ಕಂದಿನಿಂದ್ಲೂ ಅನುಮಾನ ಇತ್ತು ಬುಡು. ಮನುಷ್ಯಳಾಗಿದ್ರೆ ಒಂದ್ಸಲನಾದ್ರೂ ತಮ್ಮನ ಕೈಲಿ ಸೋಲ್ತಿದ್ದೆ."

ಅಪ್ಪ ನಕ್ಕರು. ಅಮ್ಮ ನಗಲಿಲ್ಲ. ಕಾಫಿ ಆರುತ್ತೆ ಕುಡಿಯೋ ಎಂದಳು.

ಕಾಫಿ ಕುಡಿದು ಮಾವ ಫಾರಂ ನೋಡಿದರು. ಅವರಿಗೆ ಅದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ. ಹೊಸ ಖಾತೆ ಸಿಗುತ್ತದೆ, ಅಕ್ಕ ಮತ್ತೆ ಆಡುತ್ತಾಳೆ, ಅವಳ ಹೆಸರಿನಲ್ಲೇ ಮಾಡಿಕೊಡು ಎಂದರು. ಇದೇನು ಪೊಲೀಸ್ ಸ್ಟೇಷನ್ನಿನಲ್ಲಿ ಬರೆದುಕೊಡುವ ಹೇಳಿಕೆಯೇ ಎಂದರು.

"ಒಂದು ಟಿಕ್ ತಾನೇ ಕಣಮ್ಮ. ನಮ್ಮಂಗ್ಡಿಗೆ ಬರೋರು ಎಷ್ಟು ಜನ ಓದ್ದೇನೇ ಒತ್ತಾರೆ. ಯಾರಿಗೇನಾಗಿದೆ?"

"ಓದದೆ ಒತ್ತಬಹುದು ಮಾವ. ಓದಿದ ಮೇಲೆ ಒತ್ತೋಕಾಗಲ್ಲ."

ಮಾವ ಅಪ್ಪನ ಕಡೆ ತಿರುಗಿದರು. "ಎಂ.ಎಸ್ಸಿ. ಓದ್ಸಿದ್ದೇ ತಪ್ಪಾಯ್ತು ನೋಡಿ ಭಾವ."

ಅವರು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಹೊರಡುವಾಗ ಬಾಗಿಲ ಬಳಿ ನನ್ನನ್ನು ನಿಲ್ಲಿಸಿ, ಅಕ್ಕ ಮದುವೆಯಾಗಿ ಬಂದ ಮೇಲೆ ತಾತನವರು ಚದುರಂಗದ ಹಲಗೆಯನ್ನೇ ಮುಟ್ಟಲಿಲ್ಲ, ಸದಾ ಸೋಲುವ ನನ್ನ ಜೊತೆ ಆಡುವುದು ಅವರಿಗೆ ಶಿಕ್ಷೆ ಎಂದರು. ಆಮೇಲೆ, ಈಗ ನೀನು ಹಟ ಹಿಡಿದರೆ ಅಕ್ಕನಿಗೆ ಇದೂ ಹೋಗುತ್ತೆ, ಅಷ್ಟು ನೋಡಿಕೋ ಎಂದರು. ಆ ಮಾತು ನನ್ನನ್ನು ಕುಟುಕಿತು. ಟಿಕ್ ಹಾಕಿದರೆ ಅಮ್ಮ ಆಡಬಹುದು, ಆದರೆ ಆಡಿದ್ದು ಅಮ್ಮನಲ್ಲ ಎಂದು ನಾನೇ ಬರೆದುಕೊಟ್ಟ ಹಾಗಾಗುತ್ತದೆ. ಹಾಕದಿದ್ದರೆ ಅವಳಿಗೆ ಆಡಲು ಜಾಗವಿಲ್ಲ. ಮೂರು ದಿನ ಇದನ್ನೇ ತೂಗಿದೆ.

ಆ ಮೂರು ದಿನದಲ್ಲಿ ನನ್ನ ಸ್ವಭಾವಕ್ಕೆ ಒಗ್ಗದ ಒಂದು ಕೆಲಸ ಮಾಡಿದೆ. ಆಟಗಾರರು ಬರೆದುಕೊಳ್ಳುವ ಒಂದು ಬಹಿರಂಗ ವೇದಿಕೆಯಲ್ಲಿ, ಹೀಗೆ ಆದವರು ಬೇರೆ ಯಾರಾದರೂ ಇದ್ದೀರಾ ಎಂದು ಎರಡು ಸಾಲು ಬರೆದೆ. ಗಂಟೆಯೊಳಗೆ ನನ್ನ ಫೋನಿಗೇ ಮೆಸೇಜು ಬಂತು. ನಿಮ್ಮ ಖಾತೆಯನ್ನು ಬಿಡಿಸಿಕೊಡುತ್ತೇವೆ, ನಮ್ಮವರು ಒಳಗಿದ್ದಾರೆ, ಪಾಸ್‌ವರ್ಡ್ ಮತ್ತು ಆಧಾರ್ ಕಾರ್ಡಿನ ಫೋಟೊ ಕಳಿಸಿ. ಆಟಕ್ಕೆಂದು ಇಟ್ಟುಕೊಂಡಿದ್ದ ಬಳಕೆಯ ಹೆಸರೊಂದರಿಂದಲೇ ನನ್ನ ನಂಬರನ್ನು ಹೇಗೆ ಹಿಡಿದರೋ ಇವತ್ತಿಗೂ ತಿಳಿದಿಲ್ಲ. ಬರೆದ ಎರಡು ಸಾಲನ್ನು ಅಳಿಸಿದೆ. ಮುಚ್ಚಿದ ಖಾತೆಯ ಪಾಸ್‌ವರ್ಡನ್ನೂ ಬದಲಿಸಿದೆ, ಇಮೇಲಿನದನ್ನೂ ಬದಲಿಸಿದೆ. ಹಾಳು ಮನೆಗೆ ಹೊಸ ಬೀಗ ಹಾಕಿದ ಹಾಗೆ ಅನಿಸಿತು, ಆದರೂ ಹಾಕಿದೆ. ನನ್ನನ್ನು ಕಳ್ಳಿ ಎಂದವರೂ, ನಿಜವಾದ ಕಳ್ಳರೂ ಕೇಳುತ್ತಿದ್ದದ್ದು ಒಂದನ್ನೇ: ಸುಮ್ಮನೆ ಒಪ್ಪಿಕೋ, ಕೆಲಸ ಮುಗಿಯುತ್ತದೆ.

ಗಡುವಿನ ಹಿಂದಿನ ದಿನ ಸಂಜೆ ನಾಲ್ಕಕ್ಕೆ, ನನಗೆ ಬೆನ್ನು ಮಾಡಿ ಕೂತಿದ್ದ ಅಮ್ಮನೇ ಮಾತು ತೆಗೆದಳು.

"ಒಪ್ಕೊಂಬುಡು. ನನ್ನಿಂದ ನಿನ್ನ ಆಟ ಯಾಕೆ ನಿಲ್ಲಬೇಕು."

"ಒಪ್ಕೊಂಡ್ರೆ ನೀನು ಆಡಿದ್ದೆಲ್ಲ ಸುಳ್ಳಾಗುತ್ತಮ್ಮ."

"ನಾನು ಆಡಿದ್ದು ನನಗೆ ಗೊತ್ತಿದೆಯಲ್ಲ. ಅವರಿಗೆ ಗೊತ್ತಾಗಿ ಏನಾಗಬೇಕು?"

"ಯಜಮಾನರಿಗೂ ಗೊತ್ತಿಲ್ಲ."

ದಾರ ಸುತ್ತುತ್ತಿದ್ದ ಕೈ ನಿಂತಿತು. ಅಲ್ಲಿಯವರೆಗೆ ನಾನು ಅವಳಿಂದ ಮುಚ್ಚಿಟ್ಟಿದ್ದ ಸಂಗತಿಯನ್ನು ಆಗ ಹೇಳಿದೆ. ಖಾತೆ ಮುಚ್ಚಿದಾಗ ಎದುರಾಳಿಗೂ ಒಂದು ಸಾಲು ಹೋಗುತ್ತದೆ. ನಿಮ್ಮ ಜೊತೆ ಆಡಿದವರು ಮೋಸ ಮಾಡಿದ್ದು ಪತ್ತೆಯಾಗಿದೆ, ಕಳೆದುಕೊಂಡ ಅಂಕಗಳನ್ನು ಹಿಂದಿರುಗಿಸಿದ್ದೇವೆ ಎಂದು. ಎರಡು ವರ್ಷದ ಹಿಂದೆ ಬೇರೆ ಯಾರದೋ ವಿಷಯದಲ್ಲಿ ಅಂಥದ್ದೊಂದು ನನಗೇ ಬಂದಿತ್ತು. ಆಗ ನನಗೆ ಖುಷಿಯಾಗಿತ್ತು. ಆ ಇನ್ನೊಬ್ಬರು ಯಾರು, ಅವರು ನಿಜಕ್ಕೂ ಮೋಸ ಮಾಡಿದ್ದರೇ ಎಂದು ಒಂದು ಗಳಿಗೆಯೂ ಯೋಚಿಸಿರಲಿಲ್ಲ.

ಅಮ್ಮ ಈ ಕಡೆ ತಿರುಗಿದಳು. "ನಾನು ಮೋಸ ಮಾಡ್ದೆ ಅಂತ ಅವರಿಗೆ ಹೇಳಿದಾರಾ?"

"ಹೇಳಿರ್ತಾರೆ."

"ಒಂದ್ವರ್ಷ ಆಡಿದ್ದೂ ಅಂಗೇ ಅಂದ್ಕೊಂಡಿರ್ತಾರಾ?"

ಅಮ್ಮ ಅರ್ಧ ಕಟ್ಟಿದ್ದ ಕುಚ್ಚನ್ನು ನೋಡಿದಳು. ಗಂಟು ಸಡಿಲವಾಗಿತ್ತು. ಅದನ್ನು ಬಿಚ್ಚಿ, ಎಳೆಗಳನ್ನು ನೇರ ಮಾಡಿ, ಮೊದಲಿನಿಂದ ಸುತ್ತಿದಳು. ಗಂಟು ಬಿಗಿದು ತುದಿ ಕತ್ತರಿಸಿದ ಮೇಲೆ ಮಾತಾಡಿದಳು.

"ಅಂಗಾದ್ರೆ ಬೇಡ. ನಾನೇ ಆಡಿದ್ದು ಅಂತ ಬರಿ. ನನ್ನ ಹೆಸರು ಹಾಕಿ ಬರಿ."

ಮರುದಿನ ಮಧ್ಯಾಹ್ನ ಕಾಲೇಜಿನಿಂದ ಬಂದು ಬರೆದೆ. ಫಾರಂ ತುಂಬಲಿಲ್ಲ. ಒಂದು ಖಾತೆಯನ್ನು ನಾವಿಬ್ಬರು ಬಳಸಿದ್ದು ನಿಜ, ಅದು ನಿಮ್ಮ ನಿಯಮಕ್ಕೆ ವಿರುದ್ಧ, ಅದಕ್ಕಾಗಿ ಖಾತೆ ಮುಚ್ಚಿದ್ದರೆ ನನ್ನ ತಕರಾರಿಲ್ಲ, ಅದು ಮುಚ್ಚಿಯೇ ಇರಲಿ ಎಂದೆ. ಮಾಡದ ತಪ್ಪನ್ನು ಒಪ್ಪಿಕೊಂಡು ಇನ್ನೊಂದು ಖಾತೆ ಪಡೆಯುವುದಿಲ್ಲ ಎಂದೆ. ಅಮ್ಮನ ಹೆಸರನ್ನು ಪೂರ್ತಿಯಾಗಿ ಬರೆದು, ನಾಲ್ಕು ಗಂಟೆಯ ಆಟಗಳನ್ನೆಲ್ಲ ಆಡಿದವರು ಇವರು ಎಂದೆ. ಕೊನೆಯಲ್ಲಿ ಒಂದೇ ಒಂದು ಕೋರಿಕೆ ಇಟ್ಟೆ. ಕೊನೆಯ ಆಟದ ಎದುರಾಳಿಗೆ, ನಿಮ್ಮ ಜೊತೆ ಆಡಿದ್ದು ಒಬ್ಬ ಹೆಂಗಸು, ಕಂಪ್ಯೂಟರ್ ಅಲ್ಲ ಎಂದು ತಿಳಿಸಿ. ಕಳಿಸುವ ಮುಂಚೆ ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಹೆಂಗಸು ಅಂತಾನೂ ಹಾಕಿದೀಯಾ ಎಂದು ಕೇಳಿದಳು. ಹಾಕಿದ್ದೇನೆ ಎಂದೆ. ಒಳ್ಳೇದಾಯ್ತು ಎಂದಳು.

ಉತ್ತರ ಅರ್ಧ ಗಂಟೆಯೊಳಗೆ ಬಂತು. ಅಷ್ಟು ಬೇಗ ಯಾವ ಮನುಷ್ಯರೂ ಅದನ್ನು ಓದಿರಲಾರರು. ನಿಮ್ಮ ಕೋರಿಕೆಯನ್ನು ಪರಿಗಣಿಸಲಾಗುವುದಿಲ್ಲ, ಈ ವಿಷಯದಲ್ಲಿ ಇನ್ನು ಪತ್ರವ್ಯವಹಾರವಿಲ್ಲ. ನಮ್ಮನ್ನು ಕಂಪ್ಯೂಟರ್ ಎಂದು ತೀರ್ಪು ಕೊಟ್ಟ ಮೇಲೆ ಅದನ್ನು ತಿಳಿಸಿದ್ದೂ ಒಂದು ಕಂಪ್ಯೂಟರೇ ಇರಬೇಕು. ನನಗೆ ಅಳು ಬರಲಿಲ್ಲ. ಬಂದದ್ದು ಸಿಟ್ಟು, ಅದೂ ಕೆಲಸ ಮಾಡಿಸುವಂಥ ಸಿಟ್ಟು.

ಇಳಿಸಿಕೊಂಡಿದ್ದ ಆಟಗಳ ಕಡತವನ್ನು ತೆರೆದೆ. ಐದು ವರ್ಷದ ಆಟಗಳು, ನನ್ನವೂ ಅಮ್ಮನವೂ ಒಂದೇ ಹೆಸರಿನಡಿ ಕಲೆತುಹೋಗಿದ್ದವು. ಬೇರ್ಪಡಿಸಲು ಅವರು ಕಳ್ಳತನದ ಗುರುತು ಎಂದದ್ದನ್ನೇ ಬಳಸಿದೆ. ನಡೆಗಳೆಲ್ಲ ನಲವತ್ತೆರಡು ಸೆಕೆಂಡಿನ ಆಸುಪಾಸಿನಲ್ಲಿರುವ ಆಟಗಳನ್ನು ಒಂದು ಕಡೆ ಹಾಕಿದೆ. ಸರಿಯಾಗಿದೆಯೇ ಎಂದು ಇನ್ನೊಂದು ಗುರುತಿನಿಂದ ತಾಳೆ ನೋಡಿದೆ. ಅಮ್ಮನ ಆಟದಲ್ಲಿ ರಾಜ ಎಂದೂ ಆನೆಯ ಹಿಂದೆ ಹೋಗಿ ಮೂಲೆ ಸೇರುವುದಿಲ್ಲ. ಹೊಸ ಕ್ರಮದಲ್ಲಿ ಅದಕ್ಕೆ ಅವಕಾಶವಿದೆ ಎಂದು ನಾನು ಹೇಳಿಕೊಟ್ಟಿದ್ದರೂ, ಬಚ್ಚಿಟ್ಟುಕೊಳ್ಳುವ ರಾಜ ಅವಳಿಗೆ ಹಿಡಿಸಿರಲಿಲ್ಲ. ಎರಡು ಗುರುತೂ ಹೊಂದಿದವು. ಮುನ್ನೂರ ಹದಿನಾಲ್ಕು ಆಟಗಳು. ಒಂದೊಂದರ ತಲೆಯಲ್ಲೂ ಆಟಗಾರರ ಹೆಸರಿನ ಜಾಗದಲ್ಲಿದ್ದ ನನ್ನ ಬಳಕೆಯ ಹೆಸರನ್ನು ತೆಗೆದು ಅಮ್ಮನ ಹೆಸರು ಹಾಕಿದೆ. ಫಲಿತಾಂಶಗಳನ್ನು ಮುಟ್ಟಲಿಲ್ಲ. ದಾಖಲೆಯನ್ನು ತಿದ್ದುವ ಅಭ್ಯಾಸ ನನಗಿಲ್ಲ. ಕೊನೆಯ ಆಟದ ಕೆಳಗೆ, ಮೂವತ್ತೊಂದನೆಯ ನಡೆಯ ನಂತರ, ನಿಯಮ ಮುರಿದದ್ದರಿಂದ ಸೋಲು ಎಂದಿತ್ತು. ಅದನ್ನೂ ಹಾಗೇ ಬಿಟ್ಟೆ. ಅಮ್ಮ ಊಟಕ್ಕೆ ಕರೆಯುವ ಹೊತ್ತಿಗೆ ಮುಗಿದಿತ್ತು.

ಮರುದಿನ ಬೆಳಿಗ್ಗೆ ನಮ್ಮ ರಸ್ತೆಯ ತುದಿಯ ಜೆರಾಕ್ಸ್ ಅಂಗಡಿಯ ಬಾಗಿಲು ತೆಗೆಯುವಾಗಲೇ ಪೆನ್‌ಡ್ರೈವ್ ಹಿಡಿದು ನಿಂತಿದ್ದೆ. ಅಂಗಡಿಯಾಕೆ ಹಾಳೆಗಳು ಬೀಳುವುದನ್ನು ನೋಡುತ್ತ, ಕಾಲೇಜಿನ ಪ್ರಾಜೆಕ್ಟಾ ಮೇಡಂ ಎಂದರು. ಅಲ್ಲ, ನಮ್ಮಮ್ಮ ಆಡಿದ ಚದುರಂಗ ಎಂದೆ. ಇಷ್ಟೂನಾ ಎಂದು ಕೇಳಿದರು. ಇಷ್ಟೂ ಎಂದೆ. ಸ್ಪೈರಲ್ ಹಾಕಿ, ಮೇಲೆ ಗಟ್ಟಿ ಹಾಳೆ ಕೊಡಿ ಎಂದೆ. ಆ ಗಟ್ಟಿ ಹಾಳೆಯ ಮೇಲೆ ಅಮ್ಮನ ಹೆಸರು ಮಾತ್ರ.

ಮನೆಗೆ ಬಂದಾಗ ಅಮ್ಮ ಪೂಜೆ ಮುಗಿಸಿ, ವಿಭೂತಿ ಒಣಗುವ ಮುಂಚೆಯೇ ಚಾಪೆ ಹಾಸಿಕೊಂಡಿದ್ದಳು. ಹೊಸ ಸೀರೆ, ಕಡು ನೀಲಿ. ಪುಸ್ತಕವನ್ನು ಹಲಗೆಯ ಪಕ್ಕ ಇಟ್ಟೆ. ಅವಳು ತಾನು ಉಟ್ಟಿದ್ದ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಮೇಲಿನ ಹೆಸರನ್ನು ಓದಿದಳು. ಅಪ್ಪನ ಇನಿಷಿಯಲ್ ಹಾಕಿದ್ದೆ. ಎಲ್ಲ ಕಾರ್ಡಿನಲ್ಲೂ ಹಾಗೇ ಇರುವುದು.

"ಆಟ ಕಲ್ಸಿದ್ದು ನಿಮ್ಮಪ್ಪ ಅಲ್ಲ," ಎಂದಳು.

ಪೆನ್ನು ತಂದು ಆ ಅಕ್ಷರವನ್ನು ಹೊಡೆದುಹಾಕಿ, ಹಿನಕಲ್‌ನ ಅಕ್ಷರವನ್ನೂ ತಾತನ ಅಕ್ಷರವನ್ನೂ ಬರೆದೆ. ಅಪ್ಪ ಪತ್ರಿಕೆಯ ಹಿಂದಿನಿಂದ ನೋಡಿ, ಪುಟ ತಿರುವಿದರು.

ಅಮ್ಮ ಹಾಳೆಗಳನ್ನು ತಿರುವುತ್ತ ಹೋದಳು. ನಡೆಗಳನ್ನು ಬರೆಯುವ ಇಂಗ್ಲಿಷ್ ಅಕ್ಷರ ಅಂಕಿಗಳು ಅವಳಿಗೆ ಓದಲು ಬರುವುದಿಲ್ಲ, ಆದರೂ ತಿರುವಿದಳು. ಕೊನೆಯ ಹಾಳೆಗೆ ಬಂದು ನಿಂತಳು. ಇದು ಯಜಮಾನರದ್ದಾ ಎಂದಳು. ಹೌದೆಂದೆ. ಕೆಳಗೆ ಏನಿದೆ ಎಂದು ಕೇಳಿದಳು. ಸೋಲು ಅಂತ ಇದೆ ಎಂದೆ.

"ಯಾರು ಸೋತ್ರು? ಆಟಾನೇ ಮುಗ್ದಿಲ್ಲ."

ದಾಖಲೆಯಲ್ಲಿ ತಪ್ಪು ಕಂಡರೆ ತಿದ್ದುವ ಕ್ರಮವೊಂದಿದೆ. ಹಳೆಯದು ಓದಲು ಸಿಗುವ ಹಾಗೆ ಒಂದೇ ಗೆರೆ ಎಳೆಯಬೇಕು, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು, ತಿದ್ದಿದವರು ಸಹಿ ಹಾಕಬೇಕು. ಸೋಲು ಎಂಬುದರ ಮೇಲೆ ಒಂದು ಗೆರೆ ಎಳೆದೆ. ಆಟ ಮುಗಿದಿಲ್ಲ ಎಂದು ಬರೆದೆ. ನನ್ನ ಪೂರ್ತಿ ಹೆಸರಿನಲ್ಲಿ ಸಹಿ ಮಾಡಿದೆ.

ಅಮ್ಮ ಅಷ್ಟರಲ್ಲಿ ದಾರ ಕೈಗೆತ್ತಿಕೊಂಡಿದ್ದಳು. ನೀಲಿ ಎಳೆಗಳನ್ನು ತೂರಿಸಿ, ಮಡಿಸಿ, ಕತ್ತು ಸುತ್ತಿದಳು. ನಾನು ಪೆನ್ನು ಹಿಡಿದೇ ಕೂತಿದ್ದೆ. ಗಂಟು ಬಿಗಿದು ತುದಿ ಕತ್ತರಿಸಿ, ಅಷ್ಟು ದಿನ ಇಟ್ಟುಕೊಂಡಿದ್ದ ನಡೆಯನ್ನು ಹೇಳಿದಳು. ಒಂಟೆ ಎರಡು ಮನೆ ಹಿಂದಕ್ಕೆ.

ಮೂವತ್ತೆರಡು ಎಂದು ಹಾಕಿ, ಅದರ ಮುಂದೆ ಬರೆದೆ.